ಉಳಿಸುವ ಕೀಲಿ ಯಾರ ಕೈಯಲ್ಲಿರಬೇಕು?

ಮಕ್ಕಳೇ, ಕರೆಂಟು ಹೋದಾಗ ನಿಮ್ಮ ಮನೆಯಲ್ಲಿ ಮೊದಲು ಕೂಗುವವರು ಯಾರು? ಟಿ.ವಿ. ನೋಡುತ್ತಿದ್ದವರಲ್ಲವೇ? ನಾನು ಹೋಗಿದ್ದ ಒಂದು ಹಿರಿಯ ಪ್ರಾಥಮಿಕ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕರೆಂಟು ಹೋದಾಗ ಯಾರೂ ಕೂಗಲಿಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಕಪ್ಪಾದ ಪರದೆಯನ್ನೇ ನೋಡುತ್ತಾ ಕುಳಿತುಬಿಟ್ಟಳು.

ವಿಜ್ಞಾನ ಮೇಳಕ್ಕೆಂದು ಅವಳು ಒಂದು ಕ್ರಮವಿಧಿ, ಅಂದರೆ ಪ್ರೋಗ್ರಾಂ, ಮಾಡುತ್ತಿದ್ದಳು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗುವ ತಂತ್ರಾಂಶ ಅದು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಚಂದ್ರ ದಿನದಿನಕ್ಕೂ ಹೇಗೆ ಬೆಳೆಯುತ್ತಾನೆ ಎಂದು ಪರದೆಯ ಮೇಲೆ ತೋರಿಸಬೇಕಿತ್ತು. ಬಿಸಿಯೂಟ ಮುಗಿಸಿ ಕುಳಿತವಳು ಎರಡು ಗಂಟೆ ಎದ್ದಿರಲಿಲ್ಲ. ಕೋಣೆಯ ಯು.ಪಿ.ಎಸ್. ಬ್ಯಾಟರಿ ಯಾವಾಗಲೋ ಕೆಟ್ಟಿತ್ತು. ಕರೆಂಟು ಬಂತು, ಕಂಪ್ಯೂಟರ್ ಶುರುವಾಯಿತು, ಚಂದ್ರ ಮಾತ್ರ ಬರಲಿಲ್ಲ.

“ಸೇವ್ ಮಾಡಿರಲಿಲ್ವೇನಮ್ಮಾ?” ಎಂದು ಕೇಳಿದೆ.

“ಅದೇ ಮಾಡ್ಕೊಳ್ಳುತ್ತೆ ಅಂದ್ಕೊಂಡಿದ್ದೆ ಸಾರ್” ಎಂದಳು.

ಅವಳು ಹಾಗೆ ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ಅಪ್ಪನ ಮೊಬೈಲಿನಲ್ಲಿ ಏನಾದರೂ ಬರೆದಿಟ್ಟರೆ ಅದು ತಾನಾಗಿಯೇ ಉಳಿಯುತ್ತದೆ. ಅಲ್ಲಿ ‘ಉಳಿಸು’ ಎಂಬ ಗುಂಡಿಯೇ ಇರುವುದಿಲ್ಲ. ಅಂತರಜಾಲದಲ್ಲಿ ನಡೆಯುವ ಅನೇಕ ತಂತ್ರಾಂಶಗಳೂ ಹಾಗೆಯೇ. ಶಾಲೆಯ ಕಂಪ್ಯೂಟರಿನಲ್ಲಿದ್ದ ತಂತ್ರಾಂಶ ಮಾತ್ರ ಹಳೆಯ ಪದ್ಧತಿಯದು. ನೀವು ಹೇಳಿದರಷ್ಟೇ ಉಳಿಸುತ್ತದೆ.

ಎರಡು ಗಂಟೆಯ ಕೆಲಸ ಒಂದು ಕ್ಷಣದಲ್ಲಿ ಎಲ್ಲಿ ಹೋಯಿತು? ನೀವು ಕೀಲಿಮಣೆಯಲ್ಲಿ ಒತ್ತಿದ್ದೆಲ್ಲ ಮೊದಲು ಹೋಗುವುದು ‘ರ್‍ಯಾಮ್’ ಎಂಬ ಸ್ಮರಣೆಗೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಟ್ಯಂತರ ಕೆಪಾಸಿಟರುಗಳಿವೆ. ಒಂದೊಂದೂ ಒಂದಿಷ್ಟು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಇವು ತೂತು ಬಿದ್ದ ಕೊಡಗಳಿದ್ದಂತೆ, ಸದಾ ಸೋರುತ್ತಿರುತ್ತವೆ. ಆದ್ದರಿಂದ ಕಂಪ್ಯೂಟರು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 15 ಬಾರಿ, ಅವನ್ನು ಮತ್ತೆ ತುಂಬಿಸುತ್ತಲೇ ಇರಬೇಕು. ಕರೆಂಟು ಹೋದರೆ ತುಂಬಿಸುವವರಿಲ್ಲ, ಕೊಡ ಬರಿದು. ಹಾರ್ಡ್ ಡಿಸ್ಕಿನ ಕಥೆ ಬೇರೆ. ಅಲ್ಲಿ ಮಾಹಿತಿ ಕಾಂತತ್ವದ ರೂಪದಲ್ಲಿರುತ್ತದೆ. ಅದಕ್ಕೆ ಕರೆಂಟಿನ ಹಂಗಿಲ್ಲ. ರ್‍ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆಯುವುದಕ್ಕೇ ‘ಸೇವ್’ ಎನ್ನುವುದು. ಆ ಗುಂಡಿಯ ಮೇಲೆ ಒಂದು ಚೌಕಾಕಾರದ ಚಿತ್ರ ಇರುತ್ತದಲ್ಲ, ಅದು ಫ್ಲಾಪಿ ಡಿಸ್ಕಿನದು. ಅದರಲ್ಲಿ ಹಿಡಿಯುತ್ತಿದ್ದದ್ದು 1.44 ಮೆಗಾಬೈಟ್ ಅಷ್ಟೇ. ನಿಮ್ಮಲ್ಲಿ ಯಾರೂ ಅದನ್ನು ಕಂಡಿರಲಾರಿರಿ. ಚಿತ್ರವೊಂದು ಉಳಿದುಕೊಂಡಿದೆ.

ಫ್ಲಾಪಿಗೆ ಬರೆಯುವಾಗ ಕರ್ ಕರ್ ಎಂದು ಸದ್ದಾಗುತ್ತಿತ್ತು. ಕೈಕಟ್ಟಿ ಕಾಯಬೇಕಾಗಿತ್ತು. ಅಕ್ಷರ ಅಕ್ಷರಕ್ಕೂ ಹಾಗೆ ಕಾಯಲು ಸಾಧ್ಯವೇ? ಈಗ ಡಿಸ್ಕುಗಳು ಬಲು ವೇಗದವು. “ಹಾಗಾದರೆ ಆ ಗುಂಡಿಯೇ ಏಕೆ ಬೇಕು? ಎಲ್ಲ ತಂತ್ರಾಂಶಗಳೂ ತಾವೇ ಉಳಿಸಲಿ” ಎನ್ನುತ್ತಾರೆ ನನ್ನ ಸಹೋದ್ಯೋಗಿಯೊಬ್ಬರು. ಪ್ರಬಂಧ ಬರೆಯುವಾಗ, ಅರ್ಜಿ ತುಂಬುವಾಗ ಅವರ ಮಾತು ಸರಿ. ಕ್ರಮವಿಧಿ ಬರೆಯುವಾಗ ಮಾತ್ರ ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ.

ಅರ್ಧ ಬರೆದ ಪ್ರಬಂಧ ಅರ್ಧ ಪ್ರಬಂಧವೇ. ಅದನ್ನು ಓದಬಹುದು. ಅರ್ಧ ಬರೆದ ಕ್ರಮವಿಧಿ ಹಾಗಲ್ಲ. ಒಂದು ಆವರಣ ಚಿಹ್ನೆ ಮುಚ್ಚದಿದ್ದರೂ ಇಡೀ ಕ್ರಮವಿಧಿ ಓಡುವುದಿಲ್ಲ. ಮನೆಯಲ್ಲಿ ಅಮ್ಮನೋ ಅಕ್ಕನೋ ಹೊಸ ರಂಗೋಲಿ ಕಲಿಯುವುದನ್ನು ನೋಡಿದ್ದೀರಾ? ಮೊದಲು ನೆಲದ ಮೇಲೆ ಚುಕ್ಕಿ ಇಡುತ್ತಾರೆ, ಎಳೆ ಎಳೆಯುತ್ತಾರೆ, ತಪ್ಪಿದರೆ ಕೈಯಲ್ಲಿ ಒರೆಸಿ ಮತ್ತೆ ಎಳೆಯುತ್ತಾರೆ. ಎಳೆಗಳೆಲ್ಲ ಸರಿಯಾಗಿ ಕೂಡಿದ ಮೇಲಷ್ಟೇ ರಂಗೋಲಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಈಗ ಯೋಚಿಸಿ. ನೆಲದ ಮೇಲೆ ಎಳೆದ ಪ್ರತಿಯೊಂದು ತಪ್ಪು ಎಳೆಯನ್ನೂ ಯಾರೋ ಆಗಿಂದಾಗಲೇ ಪುಸ್ತಕಕ್ಕೆ ಬರೆಯುತ್ತಿದ್ದರೆ? ಬರೆಯುವಾಗ ಪುಸ್ತಕದಲ್ಲಿದ್ದ ಸರಿಯಾದ ರಂಗೋಲಿಯನ್ನೂ ಅಳಿಸುತ್ತಿದ್ದರೆ? ಅಕ್ಕ ಸುಮ್ಮನಿರುತ್ತಾಳೆಯೇ!

ನನಗೆ ಆದದ್ದೂ ಇದೇ. ಶಾಲೆಯ ಮಳೆಮಾಪಕದ ಅಂಕಿಗಳಿಂದ ತಿಂಗಳ ಸರಾಸರಿ ತೆಗೆಯುವ ಕ್ರಮವಿಧಿಯೊಂದನ್ನು ಬರೆದಿದ್ದೆ. ಮರುದಿನ ಶಿಕ್ಷಕರ ಕಾರ್ಯಾಗಾರದಲ್ಲಿ ಅದನ್ನು ತೋರಿಸಬೇಕಿತ್ತು. ಚೆನ್ನಾಗಿಯೇ ಓಡುತ್ತಿತ್ತು. ರಾತ್ರಿ ಸುಮ್ಮನಿರಲಾರದೆ ಒಂದೆರಡು ಸಾಲು ಬದಲಿಸಿ ನೋಡೋಣ ಎಂದು ಕುಳಿತೆ. ಬದಲಿಸಿದೆ, ಕೆಟ್ಟಿತು. ಇನ್ನೂ ನಾಲ್ಕು ಸಾಲು ಅಳಿಸಿದೆ, ಮತ್ತಷ್ಟು ಕೆಟ್ಟಿತು. ಇರಲಿ, ಹಳೆಯದು ಡಿಸ್ಕಿನಲ್ಲಿ ಇದೆಯಲ್ಲ ಎಂದು ಮುಚ್ಚಿ ಮಲಗಿದೆ. ನಾನು ಬಳಸುತ್ತಿದ್ದ ಸಂಪಾದಕ ತಂತ್ರಾಂಶ ತನ್ನಷ್ಟಕ್ಕೆ ಉಳಿಸುತ್ತಾ ಬಂದಿತ್ತು. ಬೆಳಿಗ್ಗೆ ತೆರೆದರೆ ಇದ್ದದ್ದು ಕೆಟ್ಟ ಕ್ರಮವಿಧಿ ಮಾತ್ರ. ‘ಅನ್‌ಡೂ’ ಒತ್ತಿ ಹಿಂದಕ್ಕೆ ಹೋಗೋಣವೆಂದರೆ, ಮುಚ್ಚಿದೊಡನೆ ಆ ದಾರಿಯೂ ಅಳಿಸಿಹೋಗಿತ್ತು. ಅಂದು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದಲೇ ಸರಾಸರಿ ತೆಗೆದು ತೋರಿಸಿದೆ.

ಆ ಹುಡುಗಿಯದು ಉಳಿಸದೆ ಹೋಯಿತು, ನನ್ನದು ಉಳಿಸಿಯೇ ಹೋಯಿತು.

ಇದಕ್ಕೆ ಪರಿಹಾರ ಹೊಸದೇನಲ್ಲ. ರಿಚರ್ಡ್ ಸ್ಟಾಲ್‌ಮನ್ ಅವರು 1985ರಲ್ಲಿ ಹೊರತಂದ ‘ಗ್ನೂ ಈಮ್ಯಾಕ್ಸ್’ ಎಂಬ ಸಂಪಾದಕ ಇದೆ. ಅದು ಸಾಮಾನ್ಯವಾಗಿ 300 ಬಾರಿ ಕೀಲಿ ಒತ್ತಿದ ಮೇಲೋ, ನೀವು 30 ಸೆಕೆಂಡು ಸುಮ್ಮನಿದ್ದಾಗಲೋ ತಾನೇ ಉಳಿಸುತ್ತದೆ. ಆದರೆ ನಿಮ್ಮ ಕಡತವನ್ನು ಮುಟ್ಟುವುದಿಲ್ಲ! ಪಕ್ಕದಲ್ಲಿ ಬೇರೆ ಹೆಸರಿನ ಒಂದು ಕಡತ ಮಾಡಿ ಅದರಲ್ಲಿ ಬರೆದಿಡುತ್ತದೆ. 1991ರಲ್ಲಿ ಬಂದ ‘ವಿಮ್’ ಕೂಡ ಹೀಗೆಯೇ. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ರಚಿಸಿದ ಈ ಸಂಪಾದಕ 200 ಅಕ್ಷರಗಳಾದ ಮೇಲೋ, 4 ಸೆಕೆಂಡು ಕೈ ನಿಂತಾಗಲೋ ಪಕ್ಕದ ಕಡತಕ್ಕೆ ಬರೆಯುತ್ತದೆ. ಕರೆಂಟು ಹೋದರೆ ಅದರಿಂದ ಕೆಲಸವನ್ನು ಮರಳಿ ಪಡೆಯಬಹುದು. ನಿಮ್ಮ ಮೂಲ ಕಡತ ಬದಲಾಗುವುದು ನೀವು ಹೇಳಿದಾಗ ಮಾತ್ರ. ನನಗಂತೂ ಇದಕ್ಕಿಂತ ಒಳ್ಳೆಯ ಏರ್ಪಾಡು ಕಂಡಿಲ್ಲ.

ಈಗ ಬಹಳ ಜನ ಬಳಸುವುದು ಮೈಕ್ರೋಸಾಫ್ಟ್ 2015ರಲ್ಲಿ ತಂದ ‘ವಿಎಸ್ ಕೋಡ್’. ಕಂಪ್ಯೂಟರಿಗೆ ಹಾಕಿಕೊಂಡಾಗ ಅದರಲ್ಲಿ ತಾನಾಗಿ ಉಳಿಸುವ ಸೌಲಭ್ಯ ಆರಿಸಿಯೇ ಇರುತ್ತದೆ. ಬೇಕಾದವರು ಹಾಕಿಕೊಳ್ಳಬೇಕು. ಉಳಿಸದ ಕಡತದ ಹೆಸರಿನ ಪಕ್ಕ ಒಂದು ದುಂಡು ಚುಕ್ಕೆ ಕಾಣುತ್ತದೆ. ‘ಇಂಟೆಲಿಜೆ’ ಎಂಬ ಇನ್ನೊಂದು ತಾನೇ ಉಳಿಸುತ್ತದೆ, ಆದರೆ ಮೊದಲು ಏನಿತ್ತು ಎಂಬ ಚರಿತ್ರೆಯನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ. ಅದಾದರೆ ನನ್ನ ತಕರಾರಿಲ್ಲ. ಹಳೆಯ ಪುಟವನ್ನು ಕಾಪಾಡುವ ಯಂತ್ರ ಬೇಕಾದಷ್ಟು ಸಲ ಉಳಿಸಲಿ. ಕಾಪಾಡದ ಯಂತ್ರ ನನ್ನನ್ನು ಕೇಳದೆ ನನ್ನ ಕಡತಕ್ಕೆ ಕೈಹಾಕಬಾರದು.

ಇನ್ನೊಂದು ಮಾತು. ಉಳಿಸುವ ಮೊದಲು ನಾವು ಒಂದು ಕ್ಷಣ ನಿಲ್ಲುತ್ತೇವೆ. ‘ಇದು ಸರಿಯಾಯಿತೇ?’ ಎಂದು ಒಮ್ಮೆ ಕಣ್ಣಾಡಿಸುತ್ತೇವೆ. ಪೈಥಾನ್ ಭಾಷೆಯ ಜೊತೆಗೆ ಬರುವ ‘ಐಡಲ್’ ಸಂಪಾದಕವೂ, ನೀವು ಉಳಿಸದ ಕ್ರಮವಿಧಿಯನ್ನು ಓಡಿಸಹೊರಟರೆ, ಸಾಮಾನ್ಯವಾಗಿ ‘ಮೊದಲು ಉಳಿಸಬೇಕು, ಉಳಿಸಲೇ?’ ಎಂದು ಕೇಳುತ್ತದೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ‘ಗಿಟ್’ ಎಂಬ ಸಾಧನವನ್ನು ಲೋಕದ ದೊಡ್ಡ ದೊಡ್ಡ ಕ್ರಮವಿಧಿಕಾರರೆಲ್ಲ ಬಳಸುತ್ತಾರೆ. ಅದು ಹಳೆಯ ರೂಪಗಳನ್ನೆಲ್ಲ ಜೋಪಾನ ಮಾಡುತ್ತದೆ. ಅಲ್ಲಿಯೂ ‘ಈ ರೂಪವನ್ನು ಇಟ್ಟುಕೋ’ ಎಂದು ಹೇಳುವವರು ಕ್ರಮವಿಧಿಕಾರರೇ. ಏನು ಬದಲಿಸಿದೆ ಎಂದು ಒಂದು ಸಾಲು ಟಿಪ್ಪಣಿಯನ್ನೂ ಬರೆಯುತ್ತಾರೆ. ನಮ್ಮ ಪ್ರಯೋಗದ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಂತೆ!

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಗಿಟ್ ಇರಲಿಕ್ಕಿಲ್ಲ. ಹೆಸರು ಬದಲಿಸಿ ಉಳಿಸುವ ‘ಸೇವ್ ಆ್ಯಸ್’ ಇದ್ದೇ ಇರುತ್ತದೆ. ಯು.ಪಿ.ಎಸ್. ಕೆಟ್ಟಿರುವ ಕೋಣೆಯಲ್ಲಂತೂ ಐದು ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಕೀಲಿ ಹಿಡಿದು ಎಸ್ ಒತ್ತುವುದು ಕೈಗೆ ರೂಢಿಯಾಗಬೇಕು. ಕ್ರಮವಿಧಿ ಸರಿಯಾಗಿ ಓಡಿದಾಗಲೆಲ್ಲ ಹೊಸ ಹೆಸರು ಕೊಟ್ಟು ಇನ್ನೊಂದು ಪ್ರತಿ ಮಾಡಿ. ಮಕ್ಕಳಿಗಾಗಿ ತಂತ್ರಾಂಶ ಮಾಡುವವರಿಗೂ ನನ್ನದೊಂದು ಕೋರಿಕೆ ಇದೆ. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಈಮ್ಯಾಕ್ಸ್‌ನಂತೆ ಪಕ್ಕದಲ್ಲೊಂದು ಗುಟ್ಟಿನ ಪ್ರತಿ ಇಟ್ಟರೆ ಮಗುವೊಂದರ ಎರಡು ಗಂಟೆ ಉಳಿಯುತ್ತದೆ.

ಆ ಹುಡುಗಿ ಮರುದಿನ ಮತ್ತೆ ಕುಳಿತಳು. ಈ ಬಾರಿ ಮುಕ್ಕಾಲು ಗಂಟೆಯಲ್ಲಿ ಚಂದ್ರ ಬಂದ. ಅವಳ ಕಡತಗಳ ಹೆಸರು ಚಂದ್ರ1, ಚಂದ್ರ2, ಚಂದ್ರ3. ಮೂರನೆಯದರಲ್ಲಿ ಏನೋ ಬದಲಿಸಹೋಗಿ ಶುಕ್ಲಪಕ್ಷದ ಚಂದ್ರನ ಬೆಳಕು ಬಲಕ್ಕಿರುವ ಬದಲು ಎಡಕ್ಕೆ ಬಂದಿತ್ತು. ಎಲ್ಲಿ ತಪ್ಪಾಯಿತೆಂದು ತಿಳಿಯಲಿಲ್ಲ. ಅವಳು ಗಾಬರಿಯಾಗಲಿಲ್ಲ. ಚಂದ್ರ2 ತೆರೆದು ಅಲ್ಲಿಂದಲೇ ಮುಂದುವರಿಸಿದಳು. ಮೇಳದಲ್ಲಿ ಓಡಿದ್ದು ಚಂದ್ರ4.