ತೆಳ್ಳಗಿನ ಫೋನು, ತರಹೇವಾರಿ ಮಾತು



ನಿಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯನ್ನು ಒಮ್ಮೆ ಎಳೆದು ನೋಡಿ. ಹಳೆಯ ಚಾರ್ಜರು, ನಿಂತುಹೋದ ಕೈಗಡಿಯಾರ, ಕರೆಂಟು ಬಿಲ್ಲುಗಳ ನಡುವೆ ಒಂದೆರಡು ಹಳೆಯ ಮೊಬೈಲುಗಳು ಇದ್ದೇ ಇರುತ್ತವೆ. ಕೆಪೆ, ಕುಡಚಡೆ, ಸಾವರ್ಡೆ ಕಡೆಯ ನಮ್ಮ ಕನ್ನಡ ಕುಟುಂಬಗಳನ್ನು ಭೇಟಿ ಮಾಡುವಾಗ ನಾವು ಒಂದು ಫೋನನ್ನು ಇಂಥ ಖಾನೆಗಳಲ್ಲಿ ಹಲವು ಸಲ ಕಂಡಿದ್ದೇವೆ. ಎರಡಾಗಿ ಮಡಚುವ, ಬೆಳ್ಳಿ ಬಣ್ಣದ, ಬೆರಳು ದಪ್ಪದ ಫೋನು. ಹೆಸರು ಮೊಟೊರೋಲಾ ರೇಜರ್ ವಿ3. ಕೆಲಸ ನಿಲ್ಲಿಸಿ ಎಷ್ಟೋ ವರ್ಷವಾಗಿದ್ದರೂ ಅದನ್ನು ಎಸೆಯಲು ಮಾತ್ರ ಯಾರಿಗೂ ಮನಸ್ಸಿಲ್ಲ.

ಈ ಫೋನು ಹೇಗಿತ್ತು ಎಂದು ಕೇಳಿ ನೋಡಿ. ಇಬ್ಬರು ಒಂದೇ ಉತ್ತರ ಕೊಡುವುದಿಲ್ಲ. "ಅಂಥಾ ಫೋನ್ ಮತ್ತ ಬರಲಿಲ್ಲ ಬಿಡ್ರಿ ಫಾದರ್" ಎನ್ನುತ್ತಾರೆ ಒಬ್ಬರು. "ನೋಡಾಕ ಚಂದ ಇತ್ತರೀ, ಬಾಳಿಕಿ ಬರಲಿಲ್ಲ" ಎನ್ನುತ್ತಾರೆ ಪಕ್ಕದ ಮನೆಯವರು. ಒಂದೇ ಕಂಪನಿಯ ಒಂದೇ ಫೋನಿಗೆ ಇಷ್ಟು ಬೇರೆ ಬೇರೆ ಮಾತು ಏಕೆ? ಈ ಸಲ ಅದನ್ನೇ ಸ್ವಲ್ಪ ವಿಚಾರಿಸೋಣ. ಇಂದು ನಮ್ಮ ಮನೆಗಳಿಗೆ ಕಂತಿನ ಮೇಲೆ ಬರುವ ಪ್ರತಿಯೊಂದು ಹೊಸ ಫೋನಿಗೂ ಈ ವಿಚಾರ ಸಲ್ಲುತ್ತದೆ.

ಮಡಚುವ ಫೋನಿಗೆ ದಾರಿ ಹಾಕಿದ್ದು ಇದೇ ಕಂಪನಿಯ 1996ರ ಸ್ಟಾರ್‌ಟ್ಯಾಕ್. ಎಂಟು ವರ್ಷಗಳ ನಂತರ, 2004ರ ಜುಲೈಯಲ್ಲಿ, ರೇಜರ್ ವಿ3 ಪ್ರಕಟವಾಯಿತು. ಮಡಚಿದಾಗ ದಪ್ಪ 13.9 ಮಿಲಿಮೀಟರ್, ತೂಕ 95 ಗ್ರಾಂ. ಮೈ ಅಲ್ಯೂಮಿನಿಯಮ್ಮಿನದು. ಗುಂಡಿಗಳು ಬಿಡಿಬಿಡಿಯಾಗಿ ಇರಲಿಲ್ಲ. ಒಂದೇ ಲೋಹದ ತಗಡಿನ ಮೇಲೆ ರಾಸಾಯನಿಕದಿಂದ ಕೊರೆದ ಅಂಕಿಗಳು, ಕತ್ತಲಲ್ಲಿ ಅವುಗಳ ಕೆಳಗೆ ನೀಲಿ ಬೆಳಕು. ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದಾಗ ಎರಡು ವರ್ಷದ ಕರಾರಿನ ಜೊತೆಗೂ ಸುಮಾರು 500 ಡಾಲರ್ ಬೆಲೆ. ಸಿರಿವಂತರ ಆಟಿಕೆ ಎಂದುಕೊಂಡಿದ್ದ ಈ ಫೋನಿನ ಬೆಲೆ ಮುಂದೆ ಇಳಿಯಿತು. ನಾಲ್ಕು ವರ್ಷಗಳಲ್ಲಿ ಈ ಸಾಲಿನ ಫೋನುಗಳು ಜಗತ್ತಿನಲ್ಲಿ 13 ಕೋಟಿಗೂ ಹೆಚ್ಚು ಮಾರಾಟವಾದವು.

ಆ ವರ್ಷಗಳು ನಮ್ಮ ಈ ಭಾಗಕ್ಕೆ ಅದಿರಿನ ವರ್ಷಗಳು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಬಂದಿತ್ತು. ಕೆಪೆ, ಸಾಂಗೆ ತಾಲ್ಲೂಕುಗಳ ಗಣಿಗಳಿಂದ ಹೊರಟ ಲಾರಿಗಳ ಸಾಲು ನದಿಯ ದಕ್ಕೆಗಳವರೆಗೆ ಮುಗಿಯುತ್ತಲೇ ಇರಲಿಲ್ಲ. ಅಲ್ಲಿಂದ ಅದಿರು ಬಾರ್ಜುಗಳಲ್ಲಿ ಬಂದರಿಗೆ ಹೋಗುತ್ತಿತ್ತು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದವರಿಗೆ ಡ್ರೈವರ್, ಕ್ಲೀನರ್, ಗೌಂಡಿ ಕೆಲಸ ಸಿಗುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಒಂದು ಒಳ್ಳೆಯ ಫೋನು ಬೇಕೆನ್ನಿಸಿದ್ದು ತಪ್ಪೇನಲ್ಲ. ಕೆಲವರಿಗೆ ರೇಜರ್ ಗಲ್ಫಿನ ನೆಂಟರಿಂದ ಬಂತು, ಕೆಲವರಿಗೆ ಮಡಗಾಂವಿನಲ್ಲಿ ಸೆಕೆಂಡ್ ಹ್ಯಾಂಡಾಗಿ ಸಿಕ್ಕಿತು.

ಹೊಗಳುವವರ ಮಾತು ಮೊದಲು ಕೇಳೋಣ. ಅಂಗಿಯ ಜೇಬಿನಲ್ಲಿ ಇಟ್ಟರೆ ಭಾರವೇ ತಿಳಿಯುತ್ತಿರಲಿಲ್ಲ. ಮಡಚಿದಾಗ ಗುಂಡಿಗಳು ಒಳಗೆ ಸೇರುವುದರಿಂದ ಜೇಬಿನಲ್ಲಿದ್ದಾಗಲೇ ಯಾರಿಗೋ ಕರೆ ಹೋಗುವ ತೊಂದರೆ ಇರಲಿಲ್ಲ. ಮುಚ್ಚಳದ ಹೊರಮೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಕರೆ ಮಾಡಿದವರ ಹೆಸರು ಕಾಣುತ್ತಿತ್ತು. ಇದು ನಮ್ಮವರಿಗೆ ಎಷ್ಟು ಉಪಯೋಗಕ್ಕೆ ಬಂತೆಂಬುದು ದೊಡ್ಡ ಊರಿನವರಿಗೆ ಹೊಳೆಯಲಿಕ್ಕಿಲ್ಲ. ಮೊಬೈಲ್ ಸೇವೆಯ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ವಲಯಕ್ಕೆ ಸೇರುತ್ತದೆ, ಕರ್ನಾಟಕ ಬೇರೆ ವಲಯ. ಊರಿನ ಸಿಮ್ ಇಟ್ಟುಕೊಂಡೇ ಇಲ್ಲಿ ದುಡಿಯುತ್ತಿದ್ದವರಿಗೆ ಬರುವ ಕರೆಗೂ ರೋಮಿಂಗ್ ದುಡ್ಡು ಬೀಳುತ್ತಿತ್ತು. ಬಿಎಸ್‌ಎನ್‌ಎಲ್ ಇದನ್ನು ಕೈಬಿಟ್ಟದ್ದು 2015ರ ಜೂನ್‌ನಲ್ಲಿ. ಅಲ್ಲಿಯವರೆಗೆ ಮುಚ್ಚಳ ತೆರೆದ ಕೂಡಲೇ ಮೀಟರು ಓಡುತ್ತಿತ್ತು. ಹೊರಗಿನ ಪರದೆಯಲ್ಲಿ ಹೆಂಡತಿಯ ಹೆಸರು ಕಂಡರೆ ತೆರೆಯದೆ ಬಿಟ್ಟು, ಕೆಲಸ ಮುಗಿದ ಮೇಲೆ ಇಲ್ಲಿನ ಬೂತಿನಿಂದ ಕರೆ ಮಾಡುತ್ತಿದ್ದ ಡ್ರೈವರುಗಳು ನಮಗೆ ಗೊತ್ತು.

ಇನ್ನು ತೆಗಳುವವರ ಮಾತು. ಮೊದಲ ದೂರು ಧೂಳಿನದು. ಅದಿರಿನ ಕೆಂಪು ಧೂಳು ಈ ಊರುಗಳಲ್ಲಿ ಅನ್ನದ ತಟ್ಟೆಯನ್ನೂ ಬಿಡುತ್ತಿರಲಿಲ್ಲ, ಫೋನನ್ನು ಬಿಟ್ಟೀತೇ? ಪರದೆಯ ಗಾಜಿನ ಒಳಗೆ ಧೂಳು ಸೇರಿ ಕೂತರೆ ಒರೆಸಲು ಬರುತ್ತಿರಲಿಲ್ಲ. ಎರಡನೆಯದು ಕೀಲು. ಮುಚ್ಚಳಕ್ಕೂ ಕೆಳಗಿನ ಭಾಗಕ್ಕೂ ಸಂಪರ್ಕ ಕೊಡುವ ತೆಳ್ಳನೆಯ ಪಟ್ಟಿ ಈ ಕೀಲಿನ ಮೂಲಕವೇ ಹಾದುಹೋಗುತ್ತದೆ. ತೆರೆದು ಮುಚ್ಚಿ, ತೆರೆದು ಮುಚ್ಚಿ ಅದು ಸವೆದರೆ ಫೋನು ಸುಸ್ಥಿತಿಯಲ್ಲಿದ್ದೂ ಪರದೆ ಬೆಳ್ಳಗಾಗುತ್ತಿತ್ತು. ಮೂರನೆಯದು ಜಾಗ. ಫೋಟೋ, ಹಾಡು ಎಲ್ಲಕ್ಕೂ ಸೇರಿ ಇದ್ದದ್ದು ಸುಮಾರು 5 ಎಂಬಿ, ಮೆಮೊರಿ ಕಾರ್ಡಿಗೆ ಎಡೆಯೇ ಇರಲಿಲ್ಲ. ಕಾರ್ಡು ಹಾಕುವ ಸೌಲಭ್ಯ ಬಂದದ್ದು ಆಮೇಲಿನ ವಿ3ಐ ಮಾದರಿಯಲ್ಲಿ. ಒಬ್ಬನ ಹೆಸರಿಗೆ ಎರಡು ನಂಬರಿದ್ದರೆ ಪಟ್ಟಿಯಲ್ಲಿ ಆತ ಇಬ್ಬರಾಗಿ ಕಾಣುತ್ತಿದ್ದ. ಸಂದೇಶ ಬರೆಯುವುದಂತೂ ತಾಳ್ಮೆಯ ಪರೀಕ್ಷೆ. ಅಮೆರಿಕದಲ್ಲೂ 2006ರ ಮಾರ್ಚಿನಲ್ಲಿ ಒಂದು ಬಿಡಿಭಾಗದ ದೋಷದಿಂದ ಎರಡು ದೊಡ್ಡ ಸೇವಾ ಕಂಪನಿಗಳು ಇದರ ಮಾರಾಟವನ್ನು ಕೆಲಕಾಲ ತಡೆದಿದ್ದವು.

ಮೇಲೆ ಥಳಕು, ಒಳಗೆ ಹುಳುಕು ಎಂದು ಇಲ್ಲಿಗೇ ತೀರ್ಪು ಕೊಟ್ಟುಬಿಡಬಹುದು. ಆದರೆ ಅದು ನ್ಯಾಯವಲ್ಲ. ಈ ಫೋನು ತೆಳ್ಳಗಾದದ್ದು ಹೇಗೆಂದು ನೋಡಿದರೆ ಹೊಗಳಿಕೆಯೂ ತೆಗಳಿಕೆಯೂ ಒಂದೇ ಬೇರಿನಿಂದ ಬಂದವೆಂದು ತಿಳಿಯುತ್ತದೆ. ಬೇರೆ ಫೋನುಗಳಲ್ಲಿ ಸರ್ಕ್ಯೂಟಿನ ಕೆಳಗೆ ಇರುತ್ತಿದ್ದ ಬ್ಯಾಟರಿಯನ್ನು ಇದರಲ್ಲಿ ಪಕ್ಕಕ್ಕೆ ಇಟ್ಟರು. ತಲೆಯ ಮೇಲಿದ್ದ ಆಂಟೆನಾವನ್ನು ಗಲ್ಲದ ಹತ್ತಿರ, ಮಾತಾಡುವ ಜಾಗಕ್ಕೆ ತಂದರು. 49 ಮಿಲಿಮೀಟರಿಗಿಂತ ಅಗಲವಾದರೆ ಫೋನು ಕೈಗೆ ಒಗ್ಗುವುದಿಲ್ಲ ಎಂಬುದು ಆ ಕಂಪನಿಯ ತಜ್ಞರ ಲೆಕ್ಕವಾಗಿತ್ತು. ತಯಾರಕರು ಅದನ್ನು ಮೀರಿ 53ಕ್ಕೆ ಹೋದರು. ಎತ್ತರದ ಗುಂಡಿಗಳನ್ನು ಬಿಟ್ಟರು, ದೊಡ್ಡ ಬ್ಯಾಟರಿಯನ್ನು ಬಿಟ್ಟರು, ಕಾರ್ಡಿನ ಜಾಗವನ್ನು ಬಿಟ್ಟರು. ತೆಳ್ಳಗೆ ಮಾಡುವುದೆಂದರೆ ಏನನ್ನಾದರೂ ಬಿಡುವುದು. ಬಿಟ್ಟದ್ದು ಯಾರಿಗೆ ಬೇಕಿರಲಿಲ್ಲವೋ ಅವರು ಹೊಗಳಿದರು. ಯಾರಿಗೆ ಬೇಕಿತ್ತೋ ಅವರು ತೆಗಳಿದರು.

ಅದೇ ಕಾಲದ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ನೋಡಿ. 2003ರಲ್ಲಿ ಬಂದ ನೋಕಿಯಾ 1100. ಅದಕ್ಕೆ ಕ್ಯಾಮೆರಾ ಇಲ್ಲ, ಬಣ್ಣದ ಪರದೆ ಇಲ್ಲ. ಆದರೆ ಧೂಳು ಒಳಗೆ ಹೋಗದಂತೆ ಗುಂಡಿಗಳ ಮೇಲೆ ಒಂದೇ ಹೊದಿಕೆ, ಕರೆಂಟು ಹೋದರೆ ತಲೆಯಲ್ಲಿ ಟಾರ್ಚು. ನಮ್ಮಂಥ ದೇಶಗಳ ಜನರನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಫೋನದು. ಜಗತ್ತಿನಲ್ಲಿ 25 ಕೋಟಿಯಷ್ಟು ಮಾರಾಟವಾಯಿತು. ಅಲ್ಲೂ ಬಹಳಷ್ಟನ್ನು ಬಿಟ್ಟಿದ್ದರು. ಏನನ್ನು ಬಿಡಬೇಕೆಂದು ಯೋಚಿಸುವಾಗ ಅವರ ಕಣ್ಣ ಮುಂದಿದ್ದ ಮನುಷ್ಯ ಬೇರೆ, ಅಷ್ಟೇ. 2006ರ ಕೊನೆಯಲ್ಲಿ ಮೊಟೊರೋಲಾ ಕಂಪನಿಯೂ ಮೋಟೋಫೋನ್ ಎಫ್3 ಎಂಬ ಅಗ್ಗದ ಫೋನನ್ನು ಭಾರತಕ್ಕೆ ತಂದಿತು. ದಪ್ಪ ಬರೀ 9 ಮಿಲಿಮೀಟರ್. ಓದು ಬಾರದವರಿಗೆ ಏನು ಮಾಡಬೇಕೆಂದು ದನಿಯಲ್ಲೇ ಹೇಳುವ ವ್ಯವಸ್ಥೆ, ಬಿಸಿಲಲ್ಲೂ ಕಾಣುವ ಪರದೆ. ಆದರೆ ಆ ಪರದೆಯಲ್ಲಿ ಒಮ್ಮೆಗೆ ಹತ್ತು ಹನ್ನೆರಡು ಅಕ್ಷರ ಮಾತ್ರ ಕಾಣುತ್ತಿದ್ದುದರಿಂದ ಸಂದೇಶ ಓದುವುದು ಕಷ್ಟ. ಮಾತಾಡಿದರೆ ಸಾಕು ಎನ್ನುವವರಿಗೆ ಅದು ಒಳ್ಳೆಯ ಫೋನು, ಸಂದೇಶ ಬೇಕೆನ್ನುವ ಹುಡುಗರಿಗೆ ಅಲ್ಲ.

ಈ ಮಾತು ನಮಗೆ ಚೆನ್ನಾಗಿ ತಿಳಿದದ್ದು ಕೆಪೆಯ ಒಂದು ಮನೆಯಲ್ಲಿ. ಮಗ ಆಸೆಪಟ್ಟು ಕೊಂಡ ರೇಜರ್ ಎರಡೇ ವರ್ಷದಲ್ಲಿ ಅವನಿಗೆ ಬೇಸರ ತಂದಿತ್ತು. ಹಾಡು ಹಿಡಿಸುವುದಿಲ್ಲ, ಫೋಟೋ ಮಸುಕು. ಕುವೈತಿಗೆ ಕೆಲಸಕ್ಕೆ ಹೊರಟಾಗ ಅದನ್ನು ತಾಯಿಯ ಕೈಗೆ ಕೊಟ್ಟು ಹೋದ. ತಾಯಿಗೆ ಅಕ್ಷರ ಬಾರದು. ಆ ಸಪಾಟು ಗುಂಡಿಗಳು ಬೆರಳಿಗೆ ಸಿಗುವುದೂ ಇಲ್ಲ. ಆದರೂ ಅವರಷ್ಟು ಮೆಚ್ಚಿ ಆ ಫೋನನ್ನು ಬಳಸಿದವರನ್ನು ನಾವು ಕಂಡಿಲ್ಲ. "ತೆಗದ್ರ ಮಗ ಮಾತಾಡ್ತಾನ, ಮುಚ್ಚಿದ್ರ ಇಡ್ತಾನ. ಇದಕಿಂತ ಇನ್ನೇನ ಬೇಕ್ರಿ ಫಾದರ್?" ಎಂದರು ಅವರು. ಹಸಿರು ಗುಂಡಿ ಯಾವುದು, ಕೆಂಪು ಯಾವುದು ಎಂದು ಕಲಿಯುವ ಗೋಜೇ ಇಲ್ಲ. ಪೆಟ್ಟಿಗೆ ತೆರೆದಂತೆ ತೆರೆಯುವುದು, ಮುಚ್ಚುವುದು. ಯುವಕನಿಗೆ ಬೇಡವಾದ ಫೋನು ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಕೆಲವು ವರ್ಷಗಳ ನಂತರ ಆ ಫೋನಿನ ಪರದೆ ಹೋಯಿತು. ರಜೆಯಲ್ಲಿ ಬಂದ ಮಗ ಪ್ರೀತಿಯಿಂದಲೇ ದೊಡ್ಡ ಟಚ್ ಫೋನು ತಂದುಕೊಟ್ಟ. ಕರೆ ಬಂದಾಗ ಪರದೆಯ ಮೇಲೆ ಬೆರಳು ಎಳೆಯಬೇಕು. ದುಡಿದು ಒರಟಾದ ಬೆರಳಿಗೆ ಅದು ಬಗ್ಗಲೊಲ್ಲದು. ಫೋನು ಬಡಿದುಕೊಂಡು ನಿಲ್ಲುತ್ತಿತ್ತು. ಅಲ್ಲಿ ಮಗನಿಗೆ, ಅಮ್ಮ ಎತ್ತುತ್ತಿಲ್ಲವೆಂಬ ಗಾಬರಿ; ಇಲ್ಲಿ ತಾಯಿಗೆ, ತನಗೆ ಬುದ್ಧಿ ಸಾಲದೆಂಬ ಸಂಕೋಚ. ಪಕ್ಕದ ಮನೆಯ ಹುಡುಗಿ ಬಂದು ಎತ್ತಿಕೊಟ್ಟರೆ ಮಾತು, ಇಲ್ಲದಿದ್ದರೆ ಇಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಯಾರೋ ಹೇಳಿ, ದೊಡ್ಡ ಗುಂಡಿಯ ಸಾದಾ ಫೋನೊಂದು ಬಂದಾಗಲೇ ತಾಯಿ ಮಗನ ಮಾತು ಮತ್ತೆ ಕೂಡಿದ್ದು. ಅದರ ಬೆಲೆ ಟಚ್ ಫೋನಿನ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಈಗ ಮಡಚುವ ಫೋನುಗಳು ಮತ್ತೆ ಬಂದಿವೆ. ರೇಜರ್ ಹೆಸರಿನಲ್ಲೇ, ಪರದೆಯೇ ಮಡಚುವ ಫೋನು 2019ರ ನವೆಂಬರಿನಲ್ಲಿ ಪ್ರಕಟವಾಯಿತು. 2020ರ ಮಾರ್ಚಿನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 1,24,999 ರೂಪಾಯಿ. ಇತರ ಕಂಪನಿಗಳ ಮಡಚುವ ಫೋನುಗಳೂ ಅಂಗಡಿಯಲ್ಲಿವೆ. ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಚಂದದ ವಸ್ತುವನ್ನು ಕಂಡು ಸಂತೋಷಪಡುವುದು ಮನುಷ್ಯ ಸಹಜ. ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು.

ಒಂದು, ಇದನ್ನು ಬಳಸುವವರು ಯಾರು? ಅಂಗಡಿಗೆ ಹೋದವರ ಕಣ್ಣಲ್ಲ, ಬಳಸುವವರ ಬೆರಳು ಆರಿಸಲಿ. ತಾಯಿಗೆ, ಅಜ್ಜನಿಗೆ ಕೊಳ್ಳುವುದಾದರೆ ಅವರನ್ನೇ ಕರೆದುಕೊಂಡು ಹೋಗಿ, ಒಂದು ಕರೆ ಬರುವಂತೆ ಮಾಡಿ, ಎತ್ತಲು ಹೇಳಿ. ಎರಡು, ಎಲ್ಲಿ ಬಳಸುತ್ತಾರೆ? ಧೂಳು, ಸಿಮೆಂಟು, ನಾಲ್ಕು ತಿಂಗಳ ಮಳೆ ಇರುವಲ್ಲಿ ಕೀಲಿರುವ ಫೋನು ಎಷ್ಟು ದಿನ ಬಾಳೀತು, ಕೆಟ್ಟರೆ ಕುಡಚಡೆಯಲ್ಲೋ ಮಡಗಾಂವಿನಲ್ಲೋ ರಿಪೇರಿ ಆದೀತೇ? ಮೂರು, ಕಂತು ಮುಗಿಯುವವರೆಗೆ ಕೆಲಸ ಇರುತ್ತದೆಯೇ? 2012ರ ಸೆಪ್ಟೆಂಬರಿನಲ್ಲಿ ಗಣಿಗಳು ನಿಂತಾಗ ಲಾರಿಯ ಕಂತು ಕಟ್ಟಲಾಗದೆ ಬಳಲಿದ ಮನೆಗಳು ನಮ್ಮ ಸುತ್ತಲೇ ಇವೆ. 2018ರ ಮಾರ್ಚಿನಲ್ಲಿ ಮತ್ತೊಮ್ಮೆ ನಿಂತವು. ದುಡಿಮೆ ಒಂದೇ ದಿನದಲ್ಲಿ ನಿಲ್ಲಬಹುದು, ಕಂತು ನಿಲ್ಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರಿಗೆ ಇನ್ನೊಂದು ಮಾತು. ರೇಜರಿನ ರೂಪದ ನಕಲಿ ಫೋನುಗಳೂ ಆಗ ಬಂದಿದ್ದವು. ಸರಿಯಾದ ಐಎಂಇಐ ಸಂಖ್ಯೆ ಇಲ್ಲದ ಫೋನುಗಳ ಕರೆಯನ್ನು ಸರ್ಕಾರ 2009ರ ನವೆಂಬರ್ ಕೊನೆಯಲ್ಲಿ ನಿಲ್ಲಿಸಿದಾಗ ಅಂಥ ಎಷ್ಟೋ ಫೋನುಗಳು ಆಟಿಕೆಗಳಾದವು. ಯಾವ ಫೋನಿನಲ್ಲಾದರೂ *#06# ಒತ್ತಿದರೆ ಆ ಸಂಖ್ಯೆ ಕಾಣುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಅದಕ್ಕೂ ತಾಳೆ ನೋಡಿ.

ಕೊನೆಯದಾಗಿ, ಕಪಾಟಿನಲ್ಲಿರುವ ಆ ಹಳೆಯ ಫೋನಿನ ವಿಷಯ. ಆ ಮಸುಕು ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಅದರೊಳಗೇ ಉಳಿದಿವೆ. ಕಾರ್ಡು ಇಲ್ಲದ ಕಾರಣ ಅವು ಬೇರೆಲ್ಲೂ ಇಲ್ಲ. ಈಗ ನಮ್ಮೊಂದಿಗಿಲ್ಲದ ಅಪ್ಪ, ಅಜ್ಜಿ ನಗುತ್ತಿರುವ ಒಂದು ಚಿತ್ರ ಅಲ್ಲಿರಬಹುದು. ಬ್ಯಾಟರಿ ಊದಿಕೊಂಡಿದ್ದರೆ ಚಾರ್ಜ್ ಮಾಡಬೇಡಿ, ರಿಪೇರಿಯವರಿಗೆ ತೋರಿಸಿ ಬೇರೆ ಬ್ಯಾಟರಿ ಹಾಕಿಸಿ. ಫೋನು ಬೆಳಗಿದರೆ ಬ್ಲೂಟೂತ್ ಮೂಲಕ ಆ ಚಿತ್ರಗಳನ್ನು ಇಂದಿನ ಫೋನಿಗೆ ಕಳಿಸಿಕೊಳ್ಳಬಹುದು. ಆಮೇಲೆ ಅದನ್ನು ಕಸದ ಜೊತೆ ಎಸೆಯದೆ, ಕುಶಾವತಿಯ ದಂಡೆಗೆ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಈ ಭಾನುವಾರ ಬಿಡುವು ಮಾಡಿಕೊಂಡು ಆ ಖಾನೆ ಎಳೆಯಿರಿ. ಹಾಗೆಯೇ, ಮನೆಯ ಹಿರಿಯರ ಕೈಯಲ್ಲಿರುವ ಫೋನಿಗೆ ಪಕ್ಕದ ಕೋಣೆಯಿಂದ ಒಂದು ಕರೆ ಮಾಡಿ ನೋಡಿ. ಅವರು ಯಾರ ಸಹಾಯವೂ ಇಲ್ಲದೆ ಎತ್ತಿದರೆ ಆ ಫೋನು ಒಳ್ಳೆಯದು, ಎಷ್ಟೇ ದಪ್ಪಗಿರಲಿ.