ಸರಾಸರಿಯ ಸುಖ

ಮೂವತ್ತರ ದಶಕದ ಬ್ರಿಟನ್ನನ್ನು ಹಸಿವಿನ ನಾಡೆಂದು ಬಣ್ಣಿಸುವುದು ಅತಿಶಯೋಕ್ತಿಯೆಂದೂ, ಆ ಕಾಲದಲ್ಲಿ ಬೆಲೆಗಳಿಳಿದು, ಕೆಲಸವುಳ್ಳವರ ನೈಜ ವೇತನವೇರಿ, ಲಕ್ಷಾಂತರ ಹೊಸ ಮನೆಗಳೆದ್ದು, ವಿದ್ಯುದ್ದೀಪ ರೇಡಿಯೋಗಳು ಸಾಧಾರಣ ಸಂಸಾರಗಳಿಗೂ ಎಟುಕಿದುವೆಂದೂ ವಾದಿಸುವ ಪಂಡಿತರಿದ್ದಾರೆ. ಅವರ ಅಂಕಿಗಳನ್ನು ಒಪ್ಪೋಣ. ಅವುಗಳಿಂದ ಅವರು ತೆಗೆಯುವ ತೀರ್ಪನ್ನು ಮಾತ್ರ ಒಪ್ಪಲಾಗದು.

ಸರಾಸರಿಯೆಂಬುದು ಉಂಡವನ ತೇಗನ್ನೂ ಹಸಿದವನ ನಿಟ್ಟುಸಿರನ್ನೂ ಕೂಡಿಸಿ ಭಾಗಿಸುವ ಲೆಕ್ಕ. 1934ರಲ್ಲಿ ಟೈನ್ ನದಿಯ ದಡದ ಜ್ಯಾರೋ ಪಟ್ಟಣದಲ್ಲಿ ವಿಮೆಗೊಳಪಟ್ಟ ಕಾರ್ಮಿಕರೊಳಗೆ ನೂರಕ್ಕೆ 67ಕ್ಕೂ ಹೆಚ್ಚು ಮಂದಿಗೆ, ದಕ್ಷಿಣ ವೇಲ್ಸಿನ ಮರ್ಥರ್ ಪಟ್ಟಣದಲ್ಲಿ 61ಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಮೋಟಾರು ಕಾರ್ಖಾನೆಗಳ ಕೊವೆಂಟ್ರಿ, ಆಕ್ಸ್‌ಫರ್ಡುಗಳಲ್ಲಿ ಅದೇ ವರ್ಷ ಆ ಪ್ರಮಾಣ ನೂರಕ್ಕೆ ಸುಮಾರು 5.

ಇದನ್ನು ವಿಧಿಯಾಟವೆನ್ನುವವರು 1925ನ್ನು ಮರೆತಿರಬೇಕು. ಆ ವರ್ಷ ಅರ್ಥಸಚಿವ ಚರ್ಚಿಲ್ಲರು ಪೌಂಡನ್ನು ಯುದ್ಧಪೂರ್ವದ ದರದಲ್ಲಿಯೇ ಬಂಗಾರಕ್ಕೆ ಕಟ್ಟಿದುದರಿಂದ, ಪರದೇಶಗಳ ಪೇಟೆಯನ್ನೇ ನಂಬಿದ್ದ ಕಲ್ಲಿದ್ದಲು, ಹಡಗು, ಹತ್ತಿಬಟ್ಟೆಗಳು ಅಲ್ಲಿ ದುಬಾರಿಯಾದುವು. ಲಂಡನ್ನಿನ ಹಣಕಾಸಿನ ಪ್ರತಿಷ್ಠೆಗೆ ಬೆಲೆ ತೆತ್ತವರು ಉತ್ತರದವರು. ಮುಂದೆ ಮುಗ್ಗಟ್ಟು ಬಂದಾಗ ಹಡಗು ಕಟ್ಟುವ ಒಡೆಯರೇ ಕೂಡಿ ರಚಿಸಿಕೊಂಡ ಸಂಸ್ಥೆಯೊಂದು ಜ್ಯಾರೋವಿನ ಜೀವನಾಧಾರವಾಗಿದ್ದ ಪಾಮರ್ ಹಡಗು ಕಾರ್ಖಾನೆಯನ್ನು ಕೊಂಡು, ಆ ನೆಲದಲ್ಲಿ 40 ವರ್ಷ ಹಡಗು ಕಟ್ಟಕೂಡದೆಂಬ ಕರಾರನ್ನೂ ಹಾಕಿತು.

ಹೀಗೆ ಕೆಲಸ ಕಳೆದುಕೊಂಡವನ ಮನೆಗೆ 1931ರಿಂದ ಆದಾಯ ಪರೀಕ್ಷೆಯ ಅಧಿಕಾರಿ ಬರತೊಡಗಿದನು. ಹೊಸ್ತಿಲು ದಾಟಿ ಬಂದು ಮನೆಯ ಸಾಮಾನುಗಳ ಮೇಲೆ ಕಣ್ಣಾಡಿಸುವನು. ಮಗನ ವಾರದ ಕೂಲಿಯನ್ನೂ ಅಜ್ಜಿಯ ಪಿಂಚಣಿಯನ್ನೂ ಲೆಕ್ಕಕ್ಕೆ ಹಿಡಿದು ಯಜಮಾನನ ಭತ್ಯವನ್ನು ಕತ್ತರಿಸುವನು. ಅಪ್ಪನ ಭತ್ಯವಾದರೂ ಉಳಿಯಲೆಂದು ದುಡಿಯುವ ಮಗ ಬೇರೆ ಕೋಣೆ ಹಿಡಿದು ಹೊರಡುವನು. ಸಂಸಾರ ಒಡೆಯುವ ಈ ನಷ್ಟಕ್ಕೆ ನೈಜ ವೇತನದ ಕೋಷ್ಟಕದಲ್ಲಿ ಯಾವ ಅಂಕಣವಿದೆ?

ಕೆಲಸವಿದ್ದ ದಕ್ಷಿಣಕ್ಕೆ ಹೋಗಬಹುದಿತ್ತಲ್ಲ ಎಂಬ ಪ್ರಶ್ನೆಯುಂಟು. ಪ್ರಾಯದವರು ಹೋದರು, ಮಧ್ಯವಯಸ್ಸು ಮೀರಿದ, ಒಂದೇ ಕಸುಬನ್ನು ಕೈಯಲ್ಲಿ ಹಿಡಿದ ಕಮ್ಮಾರನನ್ನು ಕರೆಯುವವರಾರು? 1936ರ ಅಕ್ಟೋಬರಿನಲ್ಲಿ ಜ್ಯಾರೋವಿನ 200 ಮಂದಿ, 11,000ಕ್ಕೂ ಹೆಚ್ಚು ರುಜುಗಳ ಮನವಿಯನ್ನು ಓಕ್ ಮರದ ಪೆಟ್ಟಿಗೆಯಲ್ಲಿರಿಸಿಕೊಂಡು, ಹೆಚ್ಚುಕಡಮೆ 300 ಮೈಲಿ ನಡೆದು ಲಂಡನ್ನು ತಲುಪಿದರು. ಅವರು ಬೇಡಿದುದು ಅನ್ನಸತ್ರವನ್ನಲ್ಲ, ಕೆಲಸವನ್ನು. ಪ್ರತಿನಿಧಿ ಎಲೆನ್ ವಿಲ್ಕಿನ್ಸನ್ ಮನವಿಯನ್ನು ಪಾರ್ಲಿಮೆಂಟಿಗೆ ಒಪ್ಪಿಸಿದರು. ಸಭೆ ಅದನ್ನು ಸ್ವೀಕರಿಸಿ ಬೇರೆ ಕೆಲಸಕ್ಕೆ ತೊಡಗಿತು. ಊರಿಗೆ ಮರಳಿದವರಿಗೆ ದೊರೆತ ಉತ್ತರವೆಂದರೆ, ನಡಿಗೆಯ ದಿನಗಳಲ್ಲಿ ಅವರು ಕೆಲಸಕ್ಕೆ ಒದಗುವಂತಿರಲಿಲ್ಲವೆಂಬ ಕಾರಣಕ್ಕೆ ಭತ್ಯದಲ್ಲಿ ಕಡಿತ!

ಬೊಕ್ಕಸದಲ್ಲಿ ಹಣವಿರಲಿಲ್ಲವೆಂಬ ಸಮಾಧಾನವನ್ನು ಯಾರೂ ಹೇಳದಿರಲಿ. ಸಂಕಟಗ್ರಸ್ತ ಪ್ರದೇಶಗಳ ಉದ್ಧಾರಕ್ಕೆಂದು 1934ರ ಶಾಸನ ಮೊದಲಿಗೆ ತೆಗೆದಿರಿಸಿದುದು 20 ಲಕ್ಷ ಪೌಂಡು. ಮೂರೇ ವರ್ಷಗಳ ತರುವಾಯ ಶಸ್ತ್ರಾಸ್ತ್ರಗಳಿಗಾಗಿ ಅದೇ ಪಾರ್ಲಿಮೆಂಟು ಸಾಲವೆತ್ತಲು ಒಪ್ಪಿದುದು 40 ಕೋಟಿ ಪೌಂಡು.