ಅಡ್ವಾನ್ಸ್ ಮಾಲೀಕರ ಕೈಯಲ್ಲಿ, ಬಾಡಿಗೆದಾರರು ಬೀದಿಯಲ್ಲಿ

ಬೆಂಗಳೂರಿನ ಬಾಡಿಗೆ ಮನೆಗಳ ಕುರಿತು ನಡೆಯುವ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಬಾಡಿಗೆ ಎಷ್ಟು ಏರಿತು ಎಂಬಲ್ಲಿಗೇ ನಿಂತುಬಿಡುತ್ತದೆ. ಕೆಲಸ ಹೋದ ಕಾರಣಕ್ಕೋ ಆಸ್ಪತ್ರೆಯ ಖರ್ಚಿನಿಂದಲೋ ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡ ಕುಟುಂಬವೊಂದು ಅದೇ ಮನೆಯಲ್ಲಿ ಉಳಿಯಬೇಕಾದರೆ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗೆ ಸರ್ಕಾರದ ಬಳಿಯಾಗಲಿ ಕಾನೂನಿನ ಬಳಿಯಾಗಲಿ ಸರಿಯಾದ ಉತ್ತರವಿಲ್ಲ. ಕೆಲವು ತಿಂಗಳ ಹಣದ ಮುಗ್ಗಟ್ಟನ್ನು ಆಸ್ತಿಯ ಸ್ವಾಧೀನದ ವ್ಯಾಜ್ಯವೆಂದು ಪರಿಗಣಿಸುವ ಈ ವ್ಯವಸ್ಥೆ ಅನ್ಯಾಯದ್ದು, ಸಮಾಜದ ಪಾಲಿಗೆ ದುಬಾರಿಯೂ ಹೌದು. ಬಾಕಿಯನ್ನು ಸಕಾಲದಲ್ಲಿ ತುಂಬಿಕೊಟ್ಟು, ಸಂಸಾರಗಳು ಬೀದಿಗೆ ಬೀಳುವುದನ್ನು ತಡೆಯುವ ಹೊಣೆಯನ್ನು ಕರ್ನಾಟಕ ಸರ್ಕಾರ ಹೊರಬೇಕು.

1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದು, 2001ರ ಡಿಸೆಂಬರ್ 31ರಂದು ಜಾರಿಯಾದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಪ್ರಕಾರ, ಬಾಕಿಯ ಕಾರಣಕ್ಕೆ ಮನೆ ಬಿಡಿಸಬೇಕಾದರೆ ಮಾಲೀಕರು ಮೊದಲು ತಗಾದೆಯ ನೋಟಿಸ್ ಕೊಡಬೇಕು. ಅದು ತಲುಪಿದ ಎರಡು ತಿಂಗಳೊಳಗೆ ಬಾಡಿಗೆದಾರರು ಪೂರ್ತಿ ಬಾಕಿ ತೀರಿಸಿದರೆ ಆ ಕಾರಣ ಅಲ್ಲಿಗೆ ಬಿದ್ದುಹೋಗುತ್ತದೆ. ಆದರೆ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಕಾಯ್ದೆಯೇ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ನಗರದ ಅಂಚಿನ ಶೀಟಿನ ಮನೆಗೂ ಇಂದು ಆ ಮೊತ್ತ ಸಾಲುವುದು ಕಷ್ಟವಾಗಿರುವಾಗ, ಗಾರ್ಮೆಂಟ್ಸ್ ಕಾರ್ಮಿಕರು, ಆಟೋ ಚಾಲಕರು, ಮನೆಗೆಲಸದವರು ವಾಸಿಸುವ ಮನೆಗಳಲ್ಲಿ ಹೆಚ್ಚಿನವು ಈ ರಕ್ಷಣೆಯ ಆಚೆಗೇ ಉಳಿಯುತ್ತವೆ.

ಆಚೆಗೆ ಉಳಿದವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 114ನೇ ಕಲಮಿನಲ್ಲಿ ಒಂದು ದಯೆಯ ಅವಕಾಶವಿದೆ: ಬಾಡಿಗೆ ಕಟ್ಟಲಿಲ್ಲವೆಂಬ ಕಾರಣಕ್ಕೆ ಬಾಡಿಗೆಯ ಹಕ್ಕು ರದ್ದಾಗಿ ದಾವೆ ನಡೆಯುವಾಗ, ಬಾಡಿಗೆದಾರರು ವಿಚಾರಣೆಯ ಹೊತ್ತಿಗೆ ಬಾಕಿಯನ್ನು ಬಡ್ಡಿ ಮತ್ತು ದಾವೆಯ ಖರ್ಚಿನೊಂದಿಗೆ ಕಟ್ಟಿದರೆ, ಅಥವಾ ಹದಿನೈದು ದಿನಗಳಲ್ಲಿ ಕಟ್ಟುವುದಾಗಿ ತಕ್ಕ ಭದ್ರತೆ ಒದಗಿಸಿದರೆ, ನ್ಯಾಯಾಲಯವು ಮನೆಯನ್ನು ಅವರಿಗೇ ಉಳಿಸಿಕೊಡಬಹುದು. ಬ್ರಿಟಿಷರ ಕಾಲದ ಕಾನೂನು ಕೂಡ ಬಾಕಿಯನ್ನು ತುಂಬಬಹುದಾದ ಕೊರತೆಯೆಂದೇ ಕಂಡಿತ್ತು ಎಂಬುದು ಇಲ್ಲಿ ಮುಖ್ಯ. ಆದರೆ ಅದೇ ಕಾಯ್ದೆಯ 106ನೇ ಕಲಮು, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಸಂಬಂಧವನ್ನು ಹದಿನೈದು ದಿನಗಳ ನೋಟಿಸಿನಿಂದ, ಯಾವ ಕಾರಣವನ್ನೂ ಹೇಳದೆ ಕೊನೆಗೊಳಿಸಲು ಅನುಮತಿಸುತ್ತದೆ. ನೋಂದಣಿಯನ್ನು ತಪ್ಪಿಸಲು ಹನ್ನೊಂದು ತಿಂಗಳಿಗೇ ಕರಾರು ಬರೆಸುವ ರೂಢಿಯಿರುವ ಊರಿನಲ್ಲಿ ಮಾಲೀಕರು ಬಾಕಿಯ ಮಾತನ್ನೇ ಎತ್ತದೆ ಈ ಹಾದಿ ಹಿಡಿಯುತ್ತಾರೆ, ಆಗ 114ನೇ ಕಲಮಿನ ಅವಕಾಶ ಬಾಡಿಗೆದಾರರ ಕೈಗೆ ಎಟಕುವುದೇ ಇಲ್ಲ.

ಇದಕ್ಕಿಂತಲೂ ಕ್ರೂರವಾದದ್ದು ಬೆಂಗಳೂರಿನ ಅಡ್ವಾನ್ಸ್ ಪದ್ಧತಿ, ಅಂದರೆ ಮನೆ ಹಿಡಿಯುವಾಗಲೇ ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಬಡ್ಡಿಯಿಲ್ಲದೆ ಮಾಲೀಕರ ಬಳಿ ಇಡಬೇಕೆಂಬ ರೂಢಿ. ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಮನೆಗೆ ಈ ಲೆಕ್ಕದಲ್ಲಿ 1,20,000 ರೂಪಾಯಿ ಅಡ್ವಾನ್ಸ್ ಕೊಟ್ಟ ಕುಟುಂಬ ಎರಡು ತಿಂಗಳು ಬಾಡಿಗೆ ಕಟ್ಟದಿದ್ದರೆ ಬಾಕಿಯಾಗುವುದು 24,000. ಅದರ ಐದು ಪಟ್ಟು ಹಣ ಅದೇ ಮಾಲೀಕರ ಕೈಯಲ್ಲಿ ಇರುವಾಗಲೂ ಆ ಕುಟುಂಬಕ್ಕೆ ಮನೆ ಖಾಲಿ ಮಾಡಿ ಎಂಬ ಮಾತು ಬರುತ್ತದೆ. ಮಾಲೀಕರಲ್ಲಿ ಅನೇಕರು ಆ ಹಣವನ್ನು ಮೇಲಿನ ಮಹಡಿ ಕಟ್ಟಲೋ ಮಗಳ ಮದುವೆಗೋ ಆಗಲೇ ಖರ್ಚು ಮಾಡಿರುವುದರಿಂದ, ಹಳೆಯ ಅಡ್ವಾನ್ಸ್ ವಾಪಸು ಕೊಡಲು ಹೊಸ ಬಾಡಿಗೆದಾರರ ಅಡ್ವಾನ್ಸ್ ಬರಬೇಕು. ಮನೆ ಖಾಲಿ ಮಾಡಿಸಿದರೆ ಬಾಡಿಗೆ ಏರಿಸುವ ಅವಕಾಶವೂ ಹೆಚ್ಚಿನ ಅಡ್ವಾನ್ಸೂ ಒಟ್ಟಿಗೇ ದೊರೆಯುತ್ತವೆ, ಹೀಗಾಗಿ ಬಾಕಿ ಬಿದ್ದ ಕುಟುಂಬವನ್ನು ಉಳಿಸಿಕೊಳ್ಳುವುದಕ್ಕಿಂತ ಕಳಿಸುವುದೇ ಮಾಲೀಕರಿಗೆ ಲಾಭವಾಗಿ ಕಾಣುತ್ತದೆ.

ಕುಟುಂಬದ ಕಡೆಯ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದೆ. ಹಳೆಯ ಅಡ್ವಾನ್ಸಿನಲ್ಲಿ ಬಾಕಿಯನ್ನೂ, ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನೂ ಮುರಿದುಕೊಂಡು ಉಳಿದದ್ದು ಕೈಸೇರುವ ಮೊದಲೇ ಹೊಸ ಮನೆಯ ಅಡ್ವಾನ್ಸ್, ಬ್ರೋಕರ್ ಕಮಿಷನ್, ಸಾಮಾನು ಸಾಗಿಸುವ ಟೆಂಪೋ ಬಾಡಿಗೆ ಎಲ್ಲವನ್ನೂ ಹೊಂದಿಸಬೇಕು. 24,000 ರೂಪಾಯಿಗೆ ಪರದಾಡಿದವರು ಒಂದೂವರೆ ಲಕ್ಷವನ್ನು ತರುವುದು ಚೀಟಿ ಎತ್ತಿ, ಒಡವೆ ಅಡವಿಟ್ಟು, ಅದೂ ಸಾಲದಿದ್ದರೆ ಮೀಟರ್ ಬಡ್ಡಿಗೆ ಕೈಚಾಚಿ. ವರ್ಷದ ನಡುವೆ ಮಕ್ಕಳ ಶಾಲೆ ಬದಲಾಗುತ್ತದೆ, ಕೆಲಸದ ಜಾಗ ದೂರವಾಗುತ್ತದೆ, ಮುಂದಿನ ಮನೆಯ ಬಾಡಿಗೆ ಕಟ್ಟುವ ಶಕ್ತಿ ಮೊದಲಿಗಿಂತಲೂ ಕುಗ್ಗಿರುತ್ತದೆ. ಕೋರ್ಟಿನ ಮೆಟ್ಟಿಲನ್ನೇ ಹತ್ತದೆ, ಓವರ್‌ಹೆಡ್ ಟ್ಯಾಂಕಿನಿಂದ ಆ ಮನೆಗೆ ಇಳಿಯುವ ಪೈಪಿನ ವಾಲ್ವ್ ತಿರುಗಿಸಿಯೋ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತೋ ಮನೆ ಬಿಡಿಸುವ ಕ್ರಮವೂ ಇದೆ. ಅಂಥ ಪ್ರಕರಣಗಳು ಯಾವ ಕಡತಕ್ಕೂ ಸೇರುವುದಿಲ್ಲ.

2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು, ಅಂದರೆ ರಾಜ್ಯಗಳು ಬೇಕಿದ್ದರೆ ಅಳವಡಿಸಿಕೊಳ್ಳಬಹುದಾದ ಕರಡನ್ನು, ಪರಿಹಾರವೆಂದು ಮುಂದಿಡುವವರಿದ್ದಾರೆ. ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುವ ಅದರ ನಿಯಮ ಸ್ವಾಗತಾರ್ಹ. ಆದರೆ ಅವಧಿ ಮುಗಿದ ಮೇಲೂ ಮನೆ ಬಿಡದವರಿಂದ ಮೊದಲ ಎರಡು ತಿಂಗಳು ಇಮ್ಮಡಿ, ನಂತರ ನಾಲ್ಕು ಪಟ್ಟು ಬಾಡಿಗೆ ವಸೂಲಿಗೆ ಅವಕಾಶ ಕೊಡುವ ಆ ಕರಡು, ಕಟ್ಟಲು ಮನಸ್ಸಿಲ್ಲದವರನ್ನೂ ಕಟ್ಟಲು ಕೈಲಾಗದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಬಾಡಿಗೆದಾರರ ಪರ ಕಾನೂನು ಬಿಗಿಯಾದಷ್ಟೂ ಮಾಲೀಕರು ಮನೆಗೆ ಬೀಗ ಹಾಕಿ ಕೂರುತ್ತಾರೆ ಎಂಬ ವಾದವನ್ನು ತಳ್ಳಿಹಾಕಲಾಗದು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿಯಿದ್ದವು, ಹಳೆಯ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ವರ್ಷಗಟ್ಟಲೆ ಎಳೆದಾಡಿದ ದಾವೆಗಳ ನೆನಪೂ ಮಾಲೀಕರಲ್ಲಿ ಹಸಿಯಾಗಿದೆ. ಪಿಂಚಣಿಯ ಜೊತೆಗೆ ಮೇಲಿನ ಮನೆಯ ಬಾಡಿಗೆಯನ್ನೇ ನಂಬಿರುವ ವೃದ್ಧ ದಂಪತಿಗೆ ಬಾಕಿಯನ್ನು ಸಹಿಸಿಕೊಳ್ಳಿ ಎನ್ನುವುದು ನ್ಯಾಯವೂ ಅಲ್ಲ. ಕೋವಿಡ್ ಕಾಲದ ಅನುಭವ ಇದನ್ನೇ ತೋರಿಸಿತು: ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತೇ ಹೊರತು ಆ ಬಾಡಿಗೆಯನ್ನು ತಾನು ಕೊಡಲಿಲ್ಲ. ಬಡವರ ಬಾಡಿಗೆಯನ್ನು ಸರ್ಕಾರವೇ ಕಟ್ಟುತ್ತದೆಂದು ಅದೇ ದಿನ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಕೊಟ್ಟ ಮಾತು ದೆಹಲಿ ಹೈಕೋರ್ಟಿನವರೆಗೆ ಹೋಯಿತು. ಆ ಮಾತಿಗೆ ಸರ್ಕಾರ ಬದ್ಧವೆಂದು 2021ರ ಜುಲೈನಲ್ಲಿ ಏಕಸದಸ್ಯ ಪೀಠ ಹೇಳಿತು, ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು.

ಹಣವನ್ನು ನಿಜವಾಗಿಯೂ ಕೊಟ್ಟ ಉದಾಹರಣೆ ಅಮೆರಿಕದ್ದು. ಅಲ್ಲಿ ಬಾಡಿಗೆ ಬಾಕಿ ತೀರಿಸಲೆಂದೇ 2020ರ ಡಿಸೆಂಬರ್ ಮತ್ತು 2021ರ ಮಾರ್ಚ್‌ನ ಎರಡು ಶಾಸನಗಳ ಮೂಲಕ ಸುಮಾರು 4,600 ಕೋಟಿ ಡಾಲರ್ ಒದಗಿಸಲಾಯಿತು, ಅದರ ದೊಡ್ಡ ಭಾಗ ನೇರವಾಗಿ ಮಾಲೀಕರಿಗೇ ಪಾವತಿಯಾಗುವಂತೆ ಏರ್ಪಾಟಾಯಿತು. ಫಿಲಡೆಲ್ಫಿಯಾ ನಗರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬಾಕಿಯ ದಾವೆ ಹೂಡುವ ಮೊದಲು ಮಾಲೀಕರೂ ಬಾಡಿಗೆದಾರರೂ ಮಧ್ಯಸ್ಥರ ಮುಂದೆ ಕೂತು ಮಾತಾಡಬೇಕು. ಸರ್ಕಾರವೇ ಬಾಕಿ ತೀರಿಸಿದರೆ ಜನ ಬೇಕೆಂದೇ ಬಾಡಿಗೆ ನಿಲ್ಲಿಸುತ್ತಾರೆಂಬ ಆಕ್ಷೇಪಕ್ಕೆ ಬಲವಿಲ್ಲ. ಇಂಥ ನೆರವನ್ನು ಆದಾಯ ನಿಂತದ್ದಕ್ಕೋ ಕಾಯಿಲೆಗೋ ದಾಖಲೆ ಕೇಳಿ, ಮೂರು ತಿಂಗಳ ಮಿತಿಯಲ್ಲಿ, ಭಾಗಶಃ ಬಡ್ಡಿರಹಿತ ಸಾಲವಾಗಿ ಕೊಡಲು ಸಾಧ್ಯವಿದೆ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಲಕರಣೆಗಳು ಬಹುಪಾಲು ಸಿದ್ಧವಾಗಿಯೇ ಇವೆ. ಬಾಡಿಗೆದಾರರನ್ನು ಗುರುತಿಸುವುದು ಅಸಾಧ್ಯವೆಂಬ ನೆಪ 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆ ಮನೆಯಲ್ಲಿರುವವರನ್ನೂ ಫಲಾನುಭವಿಗಳಾಗಿ ನೋಂದಾಯಿಸಿಕೊಂಡ ಮೇಲೆ ಉಳಿಯುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು; ದಾವೆಗೆ ಮುನ್ನವೇ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. 3,500 ರೂಪಾಯಿಯ ಮಿತಿಯನ್ನು ಕಿತ್ತುಹಾಕಬೇಕು, ಎರಡು ತಿಂಗಳಿಗೆ ಮೀರಿದ ಅಡ್ವಾನ್ಸನ್ನು ಬಾಕಿಗೆ ವಜಾ ಮಾಡಿಕೊಳ್ಳುವವರೆಗೆ ದಾವೆಗೇ ಅವಕಾಶ ಇರಬಾರದು. ಅದಾದ ಮೇಲೂ ಬಾಕಿ ಉಳಿದರೆ ಮಾಲೀಕರು ಕೊಡುವ ನೋಟಿಸಿನ ಪ್ರತಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕಡ್ಡಾಯವಾಗಿ ಹೋಗಬೇಕು, ಪ್ರಾಧಿಕಾರ ಇಬ್ಬರನ್ನೂ ಕರೆಸಿ ಮಾತಾಡಿಸಬೇಕು, ಬಾಕಿಯ ಮೊತ್ತ ಸರ್ಕಾರದ ನಿಧಿಯಿಂದ ಆ ತಿಂಗಳೊಳಗೆ ಮಾಲೀಕರ ಬ್ಯಾಂಕ್ ಖಾತೆಗೆ ಜಮೆಯಾಗಬೇಕು.